ಅಪ್ಪನ ಬಡಗಿ ಸಾಮಾನಿನ ಫೋಟೋ ತೆಗೀಬೇಕು, ಕಬ್ಬಿಣ ಎಲ್ಲಾ ಕಪ್ಪು ಮುದ್ದೆ ಥರ ಬರ್ತಿದೆ, ದಾರಿ ಹೇಳಿ

ತೆಂಗಿನಸೀಮೆ:

ಎಲ್ರಿಗೂ ನಮಸ್ಕಾರ. ನಮ್ದು ತಿಪಟೂರು ಹತ್ರ ಒಂದು ಹಳ್ಳಿ. ನಮ್ಮಪ್ಪ ಹತ್ತತ್ರ ಐವತ್ತು ವರ್ಷ ಮರಗೆಲಸ ಮಾಡಿದೋರು, ಸುತ್ತಮುತ್ತ ಊರಲ್ಲಿ ಎತ್ತಿನಗಾಡಿ ನೇಗಿಲು ನೊಗ ಬಾಗಿಲುವಾಡ ತೊಟ್ಟಿಲು ಏನ್ ಕೇಳಿದ್ರೂ ಅವರ ಕೈಯಲ್ಲೇ ಆಗಿರೋದು. ಈಗ 76 ವರ್ಷ, ಮಂಡಿ ನೋವು, ಉಳಿ ಮುಟ್ಟದೆ ಮೂರು ವರ್ಷ ಆಯ್ತು. ಹಳೇ ಮನೆ ಮುಂದಿನ ತಿಂಗಳು ಬಿಚ್ಚಿಸ್ತಿದೀವಿ, ಅಟ್ಟದ ಮೇಲಿದ್ದ ಪೆಟ್ಟಿಗೆ ಇಳಿಸಿದ್ವಿ, ಒಟ್ಟು ನಲವತ್ತು ಚಿಲ್ರೆ ಸಾಮಾನು ಇದೆ. ಮರ ಕೆತ್ತೋ ಬಾಚಿ, ಆರೇಳು ಥರ ಉಳಿ, ಉಳಿ ಹೊಡೆಯೋ ಹುಣಸೆಮರದ ಕೊಡತಿ, ಮರ ನುಣುಪು ಮಾಡೋ ಬೀಟೆ ತೋಪಡ ಮೂರು, ಹಗ್ಗ ಸುತ್ತಿ ಎಳೆಯೋ ಬೈರಿಗೆ, ಮೂಲೆಮಟ್ಟ, ಗರಗಸ, ಅರ, ಸಾಣೆಕಲ್ಲು. ಅಣ್ಣತಮ್ಮಂದಿರು ಹಂಚ್ಕೊಳ್ಳೋದು ಅಂತ ಮಾತಾಗಿದೆ, ಅಂದ್ರೆ ಇವೆಲ್ಲ ಒಂದೇ ಕಡೆ ಇರೋದು ಇದೇ ಕೊನೆ, ಅಷ್ಟರೊಳಗೆ ಒಂದೊಂದನ್ನೂ ನೀಟಾಗಿ ತೆಗೆದು ಆಲ್ಬಂ ಮಾಡಿಸ್ಬೇಕು ಅಂತ ನನ್ನಾಸೆ.

ಫೋನಲ್ಲಿ ಫ್ಲ್ಯಾಶ್ ಹಾಕಿ ತೆಗೆದ್ರೆ ಮರದ ಹಿಡಿ ಬೆಳ್ಳಗೆ ಸುಟ್ಟಂಗೆ ಕಾಣುತ್ತೆ, ಕಬ್ಬಿಣ ಕಪ್ಪು ಮುದ್ದೆ. ರೆಡ್ ಆಕ್ಸೈಡ್ ನೆಲದ ಮೇಲಿಟ್ರೆ ಎಲ್ಲಾ ಕೆಂಪು ಕೆಂಪು. ಪೇಟೇಲಿ ಒಂದು ಸ್ಟುಡಿಯೋಗೆ ಐದು ಸಾಮಾನು ತಗೊಂಡ್ ಹೋದೆ, ಅವರು ಹೊಳಪು ಬರ್ಲಿ ಅಂತ ಎಣ್ಣೆ ಸವರಿ ಬಿಳಿ ಪರದೆ ಮುಂದೆ ತೆಗೆದು ಕೊಟ್ರು, ಅಂಗಡಿ ಕ್ಯಾಟಲಾಗ್ ಥರ ಬಂತು, ಅಪ್ಪಂಗೆ ತೋರಿಸಿದ್ರೆ "ಇದ್ಯಾರ್ದಪ್ಪ ಉಳಿ" ಅಂದ್ರು. ಆ ಮಾತು ಇನ್ನೂ ಮನಸಲ್ಲೇ ಇದೆ.

ತಮ್ಮನ ಹಳೇ ಡಿಎಸ್ಎಲ್ಆರ್ ಇದೆ, 18-55 ಕಿಟ್ ಲೆನ್ಸು, ಒಂದು ಟ್ರೈಪಾಡು. ತುಕ್ಕು ಉಜ್ಜಿ ತೆಗೀಬೇಕಾ? ಆಯುಧಪೂಜೆಲಿ ಹಚ್ಚಿದ ಕುಂಕುಮ ಗಂಧ ಹಿಡಿ ಸಂದಿಲಿ ಒಣಗಿ ಕೂತಿದೆ, ಒರೆಸ್ಬೇಕಾ? ಬೆಳಕು ಹೆಂಗೆ ಮಾಡ್ಕೊಳ್ಳೋದು? ಇನ್ನೊಂದು, ನೆಲದ ಮೇಲಿಟ್ಟು ಆಚೆ ಈಚೆ ಕಾಲಿಟ್ಟು ಮೇಲಿಂದ ತೆಗೆಯೋಕೆ ಹೋದ್ರೆ ಅಪ್ಪ ಸಾಮಾನು ದಾಟಬೇಡ ಅಂತಾರೆ, ಅದನ್ನ ಮೀರೋಕೆ ನಂಗೂ ಇಷ್ಟ ಇಲ್ಲ.

ಕಿಟಕಿಬೆಳಕು:

ಮೊದ್ಲು ಫ್ಲ್ಯಾಶ್ ಆಫ್ ಮಾಡಿ. ಕ್ಯಾಮೆರಾ ಕಡೆಯಿಂದ್ಲೇ ಬೆಳಕು ಬಿದ್ರೆ ನೆರಳೆಲ್ಲಾ ಸಾಮಾನಿನ ಹಿಂದೆ ಅಡಗುತ್ತೆ, ನೆರಳಿಲ್ಲ ಅಂದ್ಮೇಲೆ ಉಬ್ಬು ತಗ್ಗು ಕಾಣೋದಾದ್ರೂ ಹೆಂಗೆ. ನಿಮಗೆ ಬೇಕಾಗಿರೋದು ಒಂದೇ ಒಂದು ಕಿಟಕಿ. ಉತ್ತರದ ಕಡೆ ಕಿಟಕಿ ಇದ್ರೆ ಒಳ್ಳೇದು, ವರ್ಷದ ಹೆಚ್ಚು ತಿಂಗಳು ನೇರ ಬಿಸಿಲು ಬರಲ್ಲ, ಬೆಳಕು ಗಂಟೆಗಟ್ಲೆ ಒಂದೇ ಸಮ ಇರುತ್ತೆ. ಬಿಸಿಲು ಬೀಳೋ ಕಿಟಕಿ ಆದ್ರೆ ಬಿಳಿ ಪಂಚೆ ಒಂದು ಪದರ ಅಡ್ಡ ಕಟ್ಟಿ. ಮಿಕ್ಕ ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ, ಎರಡು ಥರ ಬೆಳಕು ಬೆರೆತ್ರೆ ಒಂದು ಕಡೆ ನೀಲಿ ಒಂದು ಕಡೆ ಹಳದಿ ಬಂದು ಆಮೇಲೆ ಸರಿ ಮಾಡೋಕೇ ಆಗಲ್ಲ.

ನೆಲ ಬೇಡವೇ ಬೇಡ. ಕಿಟಕಿಗೆ ಪಕ್ಕವಾಗಿ ಒಂದು ಮೇಜು ಹಾಕಿ, ಬೆಳಕು ಸಾಮಾನಿನ ಮೇಲೆ ಎಡದಿಂದಲೋ ಬಲದಿಂದಲೋ ಜಾರಿಕೊಂಡು ಹೋಗೋ ಹಂಗೆ. ದಾಟೋ ಪ್ರಶ್ನೇನೂ ಬರಲ್ಲ, ಅಪ್ಪನೂ ಪಕ್ಕದಲ್ಲಿ ಕೂತು ನೋಡಬಹುದು.

ಈಗ ಕಪ್ಪು ಮುದ್ದೆ ವಿಷಯ. ಅಲಗು ಒಂಥರಾ ಕನ್ನಡಿ ಇದ್ದಂಗೆ, ಅದರ ಎದುರಿಗೆ ಏನಿದ್ಯೋ ಅದನ್ನೇ ತೋರಿಸುತ್ತೆ. ಎದುರಿಗೆ ಕತ್ತಲೆ ಕೋಣೆ ಇದ್ರೆ ಅಲಗೂ ಕತ್ತಲೆ. ಒಂದು ಥರ್ಮಾಕೋಲ್ ಶೀಟ್ ತಗೊಂಡು ಕಿಟಕಿ ಎದುರುಬದೀಲಿ ಹಿಡಿದು, ಕ್ಯಾಮೆರಾ ಸ್ಕ್ರೀನ್ ನೋಡ್ತಾ ನಿಧಾನಕ್ಕೆ ವಾಲಿಸ್ತಾ ಹೋಗಿ, ಯಾವುದೋ ಒಂದು ಓರೆಯಲ್ಲಿ ಅಲಗು ಇದ್ದಕ್ಕಿದ್ದಂಗೆ ಬೆಳಗುತ್ತೆ, ಸಾಣೆ ಹಿಡಿದ ಗೀರು ಒಂದೊಂದೂ ಎದ್ದು ಬರುತ್ತೆ. ಅಲ್ಲಿಗೆ ನಿಲ್ಲಿಸಿ, ಹಿಂದೆ ಇಟ್ಟಿಗೆ ಒರಗಿಸಿ. ಅಂಚು ಹಿನ್ನೆಲೇಲಿ ಕಲಸಿಹೋದ್ರೆ ಆ ಕಡೆ ಒಂದು ಕಪ್ಪು ಬಟ್ಟೆ ನಿಲ್ಲಿಸಿ, ಅಂಚು ಗೆರೆ ಎಳೆದಂಗೆ ಬರುತ್ತೆ. ಹಿಡಿ ಮೇಲೆ ಸವೆದ ಅಕ್ಷರ ಗುರುತು ಇದ್ರೆ ಕೋಣೆ ಕತ್ತಲೆ ಮಾಡಿ ಟಾರ್ಚನ್ನ ಮರಕ್ಕೆ ತಾಗೋ ಅಷ್ಟು ತಗ್ಗಿಸಿ ಸುತ್ತ ತಿರುಗಿಸಿ ನೋಡಿ, ಯಾವ ಕಡೆಯಿಂದ ಓದೋಕೆ ಬರುತ್ತೋ ಆ ಕಡೆ ಕಿಟಕಿಗೆ ತಿರುಗಿಸಿ ಇಡಿ.

ಲೆನ್ಸಿನ ಜೂಮ್ 55ಕ್ಕೆ ತಿರುಗಿಸಿ ಹಿಂದೆ ಸರೀರಿ. 18ರಲ್ಲಿ ಹತ್ರ ಹೋದ್ರೆ ಬಾಚಿ ಮೂತಿ ದಪ್ಪ ಆಗಿ ಹಿಡಿ ಸೊರಗಿದಂಗೆ ಬರುತ್ತೆ, ಫೋನಲ್ಲೂ ಅಷ್ಟೇ, 2ಎಕ್ಸ್ ಹಾಕಿ ದೂರ ನಿಲ್ಲಿ. ಅಪರ್ಚರ್ (ಲೆನ್ಸಿನ ಕಿಂಡಿ) ಎಫ್8 ಇಲ್ಲಾ ಎಫ್11, ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋದು) 100, ಎರಡು ಸೆಕೆಂಡ್ ಟೈಮರ್. ಶಟರ್ ಒಂದು ಸೆಕೆಂಡ್ ತಗೊಂಡ್ರೂ ಚಿಂತೆ ಇಲ್ಲ, ಟ್ರೈಪಾಡ್ ಅಲ್ಲಾಡದಿದ್ರೆ ಆಯ್ತು. ಹಿನ್ನೆಲೆಗೆ ಕರೀ ಕಂಬಳಿ ಸಿಕ್ರೆ ಅದಕ್ಕಿಂತ ಒಳ್ಳೇದು ನಾನು ನೋಡಿಲ್ಲ, ಉಣ್ಣೆ ಬೆಳಕು ಕುಡಿಯುತ್ತೆ, ಹೊಳೆಯಲ್ಲ. ಆದ್ರೆ ಕಪ್ಪು ಜಾಸ್ತಿ ಇದ್ದಾಗ ಕ್ಯಾಮೆರಾ ತಾನಾಗೇ ಎತ್ತಿ ಬೂದಿ ಬಣ್ಣ ಮಾಡುತ್ತೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ.

ನೇರ ಮೇಲಿಂದ ತೆಗೆಯೋದಾದ್ರೆ ಒಂದು ಉಪಾಯ. ಸಾಮಾನು ಇಡೋ ಜಾಗದಲ್ಲಿ ಸಣ್ಣ ಕನ್ನಡಿ ಮಲಗಿಸಿ ಸ್ಕ್ರೀನ್ ನೋಡಿ, ಲೆನ್ಸಿನ ಪ್ರತಿಬಿಂಬ ಸರಿಯಾಗಿ ಮಧ್ಯಕ್ಕೆ ಬಂದ್ರೆ ಕ್ಯಾಮೆರಾ ಮಟ್ಟವಾಗಿದೆ ಅಂತ. ನಿಮ್ಮಪ್ಪ ಮೂಲೆಮಟ್ಟ ಇಟ್ಟು ನೋಡ್ತಿದ್ರಲ್ಲ, ಹಂಗೇನೇ ಇದು.

ಮೆಟ್ಟುಗತ್ತಿ:

ತುಕ್ಕು ಮುಟ್ಬೇಡಿ, ದಯವಿಟ್ಟು. ನಾನು ಮಾಡಿದ ತಪ್ಪು ನೀವು ಮಾಡಬಾರದು ಅಂತಲೇ ಬರೀತಿದೀನಿ.

ನಮ್ದು ಸಾಗರದ ಕಡೆ, ಅಡಿಕೆ ತೋಟ. ಅಜ್ಜಿ ಅಡಿಕೆ ಸುಲಿಯೋ ಮೆಟ್ಟುಗತ್ತಿ ಇತ್ತು, ಫೋಟೋಗೆ ಚೆನ್ನಾಗಿ ಕಾಣ್ಲಿ ಅಂತ ಸ್ಯಾಂಡ್‌ಪೇಪರ್ ತಗೊಂಡು ಒಂದು ಮಧ್ಯಾಹ್ನ ಕೂತು ಫಳಫಳ ಮಾಡ್ಬಿಟ್ಟೆ. ಸಂಜೆ ಚಿಕ್ಕಪ್ಪ ಬಂದು ಕೈಗೆತ್ತಿಕೊಂಡು ತಿರುಗಿಸಿ ನೋಡಿ "ಬುಡದಲ್ಲಿ ಎರಡು ಚುಕ್ಕಿ ಒಂದು ಅರ್ಧಚಂದ್ರ ಇತ್ತಲ್ಲ ಮಾರಾಯ" ಅಂದ್ರು. ಕತ್ತಿ ಬಡಿದ ಆಚಾರಿ ಹೊಡೆದ ಗುರುತಂತೆ ಅದು. ನಾನು ಅದನ್ನೇ ಉಜ್ಜಿ ಹಾಕಿದ್ದೆ. ಆಮೇಲೆ ಟಾರ್ಚ್ ಹಾಕಿ ಭೂತಗನ್ನಡಿ ಹಿಡಿದು ಹುಡುಕಿದ್ರೂ ಇಲ್ಲ. ಉಳಿದದ್ದು ಹಲಗೆ ಮಾತ್ರ, ಅಜ್ಜಿ ಕಾಲಲ್ಲಿ ಮೆಟ್ಟಿ ಹಿಡೀತಿದ್ದ ಜಾಗ ಹಿಮ್ಮಡಿ ಅಗಲಕ್ಕೆ ತಗ್ಗಾಗಿದೆ, ಮರದ ನಾರು ಅಲ್ಲಿ ಮಾತ್ರ ಗಾಜಿನ ಹಾಗೆ ನುಣ್ಣಗೆ. ಈಗ ನನ್ನ ಹತ್ರ ಇರೋ ಒಳ್ಳೇ ಫೋಟೋ ಆ ತಗ್ಗಿಂದು.

ಧೂಳು ಜೇಡರ ಬಲೆ ತೆಗೀರಿ, ಹಳೇ ಶೇವಿಂಗ್ ಬ್ರಷ್ ಸಾಕು, ನೀರು ಹಾಕ್ಬೇಡಿ. ಹುಣಸೆಹಣ್ಣು, ನಿಂಬೆಹಣ್ಣು, ಪಾಲಿಶ್ ಯಾವ್ದೂ ಬೇಡ. ಸ್ಟುಡಿಯೋದವರು ಎಣ್ಣೆ ಹಚ್ಚಿದ ಐದನ್ನ ಹತ್ತಿಬಟ್ಟೇಲಿ ಒತ್ತಿ ಒತ್ತಿ ಒರೆಸಿ ಎರಡು ದಿನ ಬಿಡಿ, ಅವನ್ನ ಕೊನೇಲಿ ತೆಗೀರಿ. ತುಕ್ಕು ಹೆಚ್ಚಾಗಬಾರದು ಅಂತಿದ್ರೆ ಫೋಟೋ ಎಲ್ಲಾ ಮುಗಿದ ಮೇಲೆ ತೆಳ್ಳಗೆ ಮಿಷಿನ್ ಎಣ್ಣೆ ಹಚ್ಚಿ ಇಡಿ.

ಕುಂಕುಮ ಒರೆಸ್ಬೇಡಿ. ವರ್ಷವರ್ಷ ಅದೇ ಜಾಗಕ್ಕೆ ಅದೇ ಬೆರಳು ಇಟ್ಟ ಬೊಟ್ಟು ಅದು, ಉಳಿ ಬಾಯಿ ಎಷ್ಟು ಅದರದ್ದೋ ಬೊಟ್ಟೂ ಅಷ್ಟೇ ಅದರದ್ದು.

ಕೂರಿಗಿ:

ಬೆಳಕಿನ ಮಾತು ಭಾಳ ಛಲೋ ಹೇಳ್ಯಾರ, ನಾನೂ ಬರ್ಕೊಂಡೆ. ಆದ್ರ ಒಂದು ಮಾತು ನನಗ ಒಪ್ಪಂಗಿಲ್ರಿ. ಬರೇ ಕಂಬಳಿ ಮ್ಯಾಲೆ ಇಟ್ಟು ತಗದ್ರ ಸಾಮಾನು ಮಲಗಿಸಿದಂಗ ಕಾಣ್ತದ. ಅದು ಕೈಯಾಗ ಇರಬೇಕು.

ನಮ್ಮದು ಧಾರವಾಡ ಜಿಲ್ಲಾ, ಎರಿ ಹೊಲ. ಮನ್ಯಾಗ ಬೀಜ ಬಿತ್ತೂ ಹಳೇ ಕೂರಿಗಿ ಐತಿ, ಟ್ರ್ಯಾಕ್ಟರ್ ಬಂದ ಮ್ಯಾಲೆ ಹಿತ್ತಲದಾಗ ಗ್ವಾಡಿಗೆ ಆನಿಸಿ ಇಟ್ಟಿದ್ವಿ. ಹೋದ ವರ್ಷ ಅಂಗಳಕ್ಕ ತಂದು ಮೋಡ ಇದ್ದ ದಿನ ನೋಡಿ ಹಿಂದ ಒಂದು ಹಾಸಿಗಿ ಬಟ್ಟಿ ಕಟ್ಟಿ ತಗದೆ, ಎಲ್ಲಾ ಸರಿ ಬಂತು, ಬಟ್ಲ, ಬಿದಿರಿನ ಕೊಳವಿ, ತಾಳು, ಬೆಣಿ ಬಡದಿದ್ದು ಎಲ್ಲಾ ಕಾಣ್ತದ, ಆದ್ರ ನೋಡಿದ ಹುಡುಗುರು ಇದು ಏನ್ ಮಾಡ್ತದ ಅಂತ ಕೇಳಿದ್ರು. ಆಮ್ಯಾಲೆ ನಮ್ಮವ್ವನ್ನ ಕರದೆ. ಉಡಿಯಾಗ ಒಂದು ಹಿಡಿ ಜೋಳ ಕಟ್ಕೊಂಡು ಬಂದ್ಳು, ಬಟ್ಲದ ಮ್ಯಾಲೆ ಮುಷ್ಟಿ ಹಿಡದ್ಳು, ನಾನು ಏನೂ ಹೇಳಲಿಲ್ಲ, ಹೆಬ್ಬಟ್ಟು ತಾನ ಸಡ್ಲ ಆಗಿ ಕಾಳು ಒಂದೊಂದ ಬೀಳಾಕ ಹತ್ತಿದ್ವು. ಇಪ್ಪತ್ತು ವರ್ಷದಿಂದ ಬಿತ್ತಿಲ್ಲ ಆಕಿ. ಕೈಗೆ ನೆನಪೈತಿ. ಆ ಒಂದು ಫೋಟೋದಾಗ ಕೂರಿಗಿ ಮೂಲ್ಯಾಗ ಅರ್ಧ ಅಷ್ಟ ಕಾಣ್ತದ, ಆದ್ರ ಅದನ್ನ ನೋಡಿದವ್ರು ಯಾರೂ ಏನಿದು ಅಂತ ಕೇಳಿಲ್ಲ.

ನಿಮ್ಮ ಅಪ್ಪಾರು ಅದಾರಲ್ರಿ ಇನ್ನೂ. ಅವ್ರ ಕೈ ತಗೀರಿ.

ಕಿಟಕಿಬೆಳಕು:

ಕೂರಿಗಿ ಅವರು ಹೇಳಿದ್ದು ಸರಿ, ನಾನು ವಸ್ತುವಿನ ಕಡೆಯಿಂದಷ್ಟೇ ಯೋಚಿಸಿದ್ದೆ. ಆದ್ರೂ ಎರಡೂ ಬೇಕು ಅಂತೀನಿ, ಕೈ ಹಿಡಿದ ಫೋಟೋದಲ್ಲಿ ಹಿಡಿಯ ಸವೆತ ಬೆರಳಿನ ಕೆಳಗೆ ಮುಚ್ಚಿಹೋಗುತ್ತೆ. ಅಪ್ಪಂಗೆ ಮಂಡಿ ನೋವು ಅಂದ್ರಿ, ಕೂತು ಮಾಡೋ ಕೆಲಸ ಆರಿಸ್ಕೊಳ್ಳಿ, ಅದೇ ಕಿಟಕಿ ಪಕ್ಕ ಕುರ್ಚಿ ಹಾಕಿ ಉಳಿ ಸಾಣೆ ಹಿಡಿಯೋಕೆ ಹೇಳಿ. ಶಟರ್ 1/250, ಅದಕ್ಕೆ ಐಎಸ್ಒ 800 ಆದ್ರೂ ಏರಿಸಿ, ಫೋಟೋದಲ್ಲಿ ಸ್ವಲ್ಪ ಗ್ರೇನ್ (ಮರಳು ಮರಳು) ಬಂದ್ರೆ ತೊಂದ್ರೆ ಇಲ್ಲ. ಪೋಸ್ ಕೊಡಿ ಅನ್ಬೇಡಿ. ಕೆಲಸ ಕೊಡಿ, ಐದು ನಿಮಿಷ ಬಿಟ್ಟು ತೆಗೆಯೋಕೆ ಶುರು ಮಾಡಿ.

ಹಳೇಲೆನ್ಸ್:

ಒಂದು ಹಳೇ ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತೆ. ಅಮೆರಿಕಾದ ಫೋಟೋಗ್ರಾಫರ್ ವಾಕರ್ ಎವಾನ್ಸ್ 1955ರ ಜುಲೈನಲ್ಲಿ ಫಾರ್ಚೂನ್ ಪತ್ರಿಕೆಗೆ ಐದೇ ಐದು ಕೈಸಾಮಾನಿನ ಫೋಟೋ ಮಾಡಿದ್ರು, ಇಕ್ಕಳ, ತಗಡು ಕತ್ತರಿ, ಗಾರೆ ಕರಣೆ ಇಂಥವು. ದೊಡ್ಡ ಕ್ಯಾಮೆರಾ, ಖಾಲಿ ಹಿನ್ನೆಲೆ, ಒಂದು ಪುಟಕ್ಕೆ ಒಂದೇ ಸಾಮಾನು, ಕೆಳಗೆ ಹೆಸರು ಮತ್ತೆ ಬೆಲೆ. ಅಂಗಡೀಲಿ ಎರಡು ಡಾಲರ್ ಒಳಗೆ ಸಿಗೋ ಕತ್ತರಿಗೆ ಒಬ್ಬ ಮನುಷ್ಯನ ಭಾವಚಿತ್ರಕ್ಕೆ ಕೊಡೋ ಅಷ್ಟು ಜಾಗ ಮತ್ತೆ ಗಮನ ಕೊಟ್ರು. ಅವು ಹೊಸ ಸಾಮಾನು, ನಿಮ್ಮವು ದುಡಿದ ಸಾಮಾನು, ಆದ್ರೂ ಪುಟಕ್ಕೆ ಒಂದೇ ಅನ್ನೋದನ್ನ ಹಿಡ್ಕೊಳ್ಳಿ. ನಲವತ್ತನ್ನೂ ಸಾಲಾಗಿ ಜೋಡಿಸಿ ಒಂದೇ ಫ್ರೇಮಲ್ಲಿ ತೆಗೆಯೋದು ಒಂದ್ಸಲ ಸಾಕು, ಪೆಟ್ಟಿಗೆ ತೆರೆದಾಗ ಹೆಂಗಿತ್ತೋ ಹಂಗೆ.

ಮತ್ತೆ ಬರಹ. ಫೋಟೋಕ್ಕಿಂತ ಮೊದಲು ಮರೆಯಾಗೋದು ಹೆಸರು. ಬೈರಿಗೆ ಅನ್ನೋ ಮಾತು ಈಗ ಎಷ್ಟು ಜನರ ಬಾಯಲ್ಲಿದೆ? ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡಿಟ್ಟು ಒಂದೊಂದು ಸಾಮಾನೂ ಕೈಗೆ ಕೊಟ್ಟು ಕೇಳಿ, ಇದಕ್ಕೇನಂತೀರಿ, ಯಾರು ಮಾಡಿದ್ದು, ಏನು ಕೊಟ್ರಿ, ಇದ್ರಲ್ಲಿ ಕೊನೇಗೆ ಮಾಡಿದ್ದೇನು. ಪ್ರತಿಯೊಂದಕ್ಕೂ ಒಂದು ನಂಬರ್ ಕೊಟ್ಟು ನೋಟ್‌ಬುಕ್ಕಲ್ಲಿ ಬರೀರಿ, ಪಕ್ಕದಲ್ಲಿ 15 ಸೆಂಟಿಮೀಟರ್ ಸ್ಕೇಲ್ ಇಟ್ಟು ಒಂದು ದಾಖಲೆ ಫೋಟೋ, ಸ್ಕೇಲ್ ಇಲ್ಲದೆ ಒಂದು. ಹಂಚಿಕೊಂಡ ಮೇಲೆ ಯಾವುದು ಯಾರ ಮನೇಲಿದೆ ಅಂತಾನೂ ಅದ್ರಲ್ಲೇ ಬರೀಬಹುದು. ರಾಮನಗರದ ಜಾನಪದ ಲೋಕಕ್ಕೆ ಒಂದ್ಸಲ ಅಪ್ಪನ್ನ ಕರ್ಕೊಂಡು ಹೋಗಿ, ಹಳ್ಳಿ ಕಸುಬಿನ ಸಾಮಾನು ಅಲ್ಲಿ ಸಾಲು ಸಾಲಾಗಿದೆ, ಅದ್ರ ಮುಂದೆ ನಿಂತ್ರೆ ಅವರೇ ಮಾತಾಡೋಕೆ ಶುರು ಮಾಡ್ತಾರೆ.

ತೆಂಗಿನಸೀಮೆ:

ಎಲ್ರಿಗೂ ಕೈ ಮುಗೀತೀನಿ. ಶನಿವಾರ ಭಾನುವಾರ ಎರಡು ದಿನ ಕೂತು 31 ಮುಗಿಸಿದೆ. ನಡುಮನೆ ಕಿಟಕಿ, ಪಂಚೆ, ಪಕ್ಕದ ಮನೆಯವರ ಕಂಬಳಿ, ಟಿವಿ ಬಂದಿದ್ದ ಡಬ್ಬದ ಥರ್ಮಾಕೋಲು. ಆ ಶೀಟ್ ವಾಲಿಸ್ತಾ ಹೋದಾಗ ಉಳಿ ಬಾಯಿ ಬೆಳಗಿದ್ದು ನೋಡಿ ನನ್ನ ಮಗಳು ಕಿರುಚಿದ್ಲು.

ಕೊಡತಿ ಫೋಟೋ ತೆಗೆದಾಗಲೇ ನಾನು ಗಮನಿಸಿದ್ದು, ಎರಡು ಮುಖದಲ್ಲೂ ಬಟ್ಟಲಿನ ಹಂಗೆ ತಗ್ಗಿದೆ, ಆದ್ರೆ ಒಂದು ತಗ್ಗು ನಟ್ಟನಡುವೆ ಇದೆ, ಇನ್ನೊಂದು ಒಂದು ಬೆರಳಷ್ಟು ಬಲಕ್ಕೆ ಸರಿದಿದೆ. ಅಪ್ಪನ್ನ ಕೇಳಿದೆ. ನಡುವೆ ಇರೋದು ತನ್ನ ಏಟು, ಸರಿದಿರೋದು ಅವರಪ್ಪನ ಏಟು ಅಂದ್ರು, ತಾತಂಗೆ ಬಲಗೈ ಮಣಿಕಟ್ಟು ಮುರಿದು ಸೊಟ್ಟ ಕೂಡಿತ್ತಂತೆ, ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ತಾತ ಮಾಡಿದ ಕೊಡತಿ ಅಂತಾನೇ ಗೊತ್ತಿರಲಿಲ್ಲ. ಟಾರ್ಚ್ ತಗ್ಗಿಸಿ ಬೆಳಕು ಬಿಟ್ಟಾಗ ಆ ಎರಡು ತಗ್ಗಿನ ಅಂಚೂ ಸ್ಪಷ್ಟವಾಗಿ ಬಂತು. ಬಾಚಿ ಕಬ್ಬಿಣ ಲಾರಿ ಸ್ಪ್ರಿಂಗ್ ಪಟ್ಟೆಯದ್ದಂತೆ, ಕುಲುಮೆ ಕೂಲಿ ನಾಲ್ಕು ರೂಪಾಯಿ ಜೊತೆಗೆ ಒಂದು ಸೇರು ರಾಗಿ. ಎಲ್ಲಾ ರೆಕಾರ್ಡ್ ಆಗಿದೆ.

ಸಾಣೆ ಹಿಡಿಯೋಕೆ ಕೂರಿಸಿದ್ದು ಭಾನುವಾರ ಸಾಯಂಕಾಲ. ಐದು ನಿಮಿಷ ಅಂತ ಶುರು ಮಾಡಿದೋರು ಏಳು ಉಳಿನೂ ಹಿಡಿದೇ ಎದ್ದಿದ್ದು, ಮೊಣಕೈ ರೋಮದ ಮೇಲೆ ಬಾಯಿ ಪರೀಕ್ಷೆ ಮಾಡಿ ಒಂದೊಂದಾಗಿ ನನ್ನ ಕೈಗೆ ಕೊಟ್ರು. ಫೋಟೋ ತೋರಿಸಿದಾಗ ಇದ್ಯಾರ್ದು ಅನ್ಲಿಲ್ಲ. ಸ್ಕ್ರೀನ್ ಮೇಲೆ ಬೆರಳಿಟ್ಟು "ಇಲ್ಲಿ ಮುಕ್ಕಾಗಿದೆ, ಗಾಡಿ ಚಕ್ರದ ನಡುವಿನ ಗುಂಬ ಕೊರೆಯುವಾಗ ಗಂಟು ತಗುಲಿ" ಅಂದ್ರು.

ಆಲ್ಬಂ ನಾಲ್ಕು ಪ್ರತಿ ಮಾಡಿಸ್ತೀನಿ, ಮೂರು ನಮಗೆ, ಒಂದು ಅಪ್ಪಂಗೆ. 12ನೇ ನಂಬರ್ ಸಣ್ಣ ಉಳಿ, 19 ಗರಗಸ, ಇವೆರಡು ಹೆಂಗಿದೆ ನೋಡಿ ಹೇಳಿ.

ಕಿಟಕಿಬೆಳಕು:

19 ಮುಟ್ಟಬೇಡಿ, ಹಲ್ಲು ಒಂದೊಂದೂ ಎಣಿಸಬಹುದು. 12ರಲ್ಲಿ ಫೋಕಸ್ ಹಿಡಿ ಮೇಲೆ ಕೂತಿದೆ, ಅಲಗು ಮಸುಕು. ಲೈವ್ ವ್ಯೂನಲ್ಲಿ (ಕ್ಯಾಮೆರಾ ಹಿಂದಿನ ಸ್ಕ್ರೀನಲ್ಲಿ) ದೊಡ್ಡದು ಮಾಡಿ ಮ್ಯಾನ್ಯುಯಲ್ ಆಗಿ ಅಲಗಿನ ತುದಿಗೆ ಫೋಕಸ್ ಇಟ್ಟು ಇನ್ನೊಂದ್ಸಲ ತೆಗೀರಿ, ಮಿಕ್ಕ ಸಾಮಾನಿನ ಜೊತೆ ಸೇರಿಸ್ಕೊಂಡ್ರೆ ಆಯ್ತು.