ಸಹಾಯ ಬೇಕು: 7 ವರ್ಷದ ಮಗಳ ನಿದ್ದೆ ಮತ್ತು ರಾತ್ರಿಯ ವೀಡಿಯೋ ಕರೆ

ಎಲ್ಲರಿಗೂ ನಮಸ್ಕಾರ. ನಾವು ಕೋಲಾರ ಜಿಲ್ಲೆಯ ಮಾಲೂರಿನಲ್ಲಿದ್ದೇವೆ. ಎರಡನೇ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗಳಿಗೆ ರಾತ್ರಿ 11 ಗಂಟೆ ದಾಟಿದರೂ ನಿದ್ದೆ ಹತ್ತುವುದಿಲ್ಲ. ಶಾಲೆಯ ಬಸ್ಸು ಬೇಗ ಬರುವುದರಿಂದ ಬೆಳಿಗ್ಗೆ 6ಕ್ಕೆ ಎಬ್ಬಿಸಲೇಬೇಕು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ. ಇವಳಿಗೆ ಏಳು ಗಂಟೆಯೂ ಸಿಗುತ್ತಿಲ್ಲ, ತರಗತಿಯಲ್ಲಿ ತೂಕಡಿಸುತ್ತಾಳೆಂದು ಶಿಕ್ಷಕಿ ತಿಳಿಸಿದ್ದಾರೆ.

ಸಂಜೆ ಮಲಗಿಸುವುದನ್ನು ಬಿಟ್ಟಿದ್ದೇವೆ, ಟಿವಿಯನ್ನು ಊಟಕ್ಕೆ ಮೊದಲೇ ಆರಿಸುತ್ತೇವೆ, ಅಜ್ಜಿ ಪಕ್ಕದಲ್ಲಿ ಮಲಗಿ ಕಥೆ ಹೇಳುತ್ತಾರೆ. ಉಳಿದಿರುವ ಪರದೆ ಒಂದೇ: ಅವಳ ತಂದೆಯ ಕರೆ. ನರಸಾಪುರದ ಕಡೆ ಕಾರ್ಖಾನೆಯೊಂದರಲ್ಲಿ ಎರಡನೇ ಪಾಳಿಯಲ್ಲಿರುವ ಅವರಿಗೆ ಬಿಡುವು ಸಿಗುವುದು ರಾತ್ರಿ 9ರ ಹೊತ್ತಿಗೆ. ಅವರು ಮನೆಗೆ ಬರುವುದು ನಡುರಾತ್ರಿಯ ನಂತರ. ಹದಿನೈದು ನಿಮಿಷದ ಆ ಕರೆಗಾಗಿ ಅವಳು ಬರೆದ ಚಿತ್ರ, ಬಿದ್ದ ಹಲ್ಲು ಎಲ್ಲವನ್ನೂ ಜೋಡಿಸಿಟ್ಟುಕೊಂಡು ಕಾಯುತ್ತಾಳೆ, ಕರೆ ಮುಗಿದ ಮೇಲೂ ಹಾಸಿಗೆಯಲ್ಲಿ ಎದ್ದು ಕೂತು ಅದೇ ಮಾತು ಮುಂದುವರಿಸುತ್ತಾಳೆ.

ಪರದೆಯ ಬೆಳಕು ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ ಎಂಬುದು ಗೊತ್ತಿರುವುದರಿಂದ ಫೋನಿನ ಬೆಳಕನ್ನು ಕಡಿಮೆ ಮಾಡಿ ನೋಡಿದೆವು, ವ್ಯತ್ಯಾಸ ಕಾಣಲಿಲ್ಲ. ಕರೆಯನ್ನೇ ನಿಲ್ಲಿಸಲು ನನಗೆ ಮನಸ್ಸಿಲ್ಲ, ಏಕೆಂದರೆ ವಾರದ ದಿನಗಳಲ್ಲಿ ತಂದೆ ಮಗಳಿಗೆ ಇರುವುದು ಅದೊಂದೇ ಮಾತುಕತೆ.

ಪಾಳಿ ಕೆಲಸದವರಿರುವ ಮನೆಯವರು, ಮಕ್ಕಳ ವೈದ್ಯರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ: ನಿದ್ದೆ ಕೆಡಿಸುತ್ತಿರುವುದು ಪರದೆಯೋ, ತಂದೆಯನ್ನು ಕಂಡ ಸಂಭ್ರಮವೋ? ಬರೀ ಧ್ವನಿ ಕರೆಗೆ ಬದಲಾಯಿಸಿದರೆ ಸಾಕೇ, ಅಥವಾ ಮಾತುಕತೆಯನ್ನೇ ಬೆಳಿಗ್ಗೆಗೆ ಸರಿಸಬೇಕೇ?