ತಾಂತ್ರಿಕ ಸಂಸ್ಥೆಯಲ್ಲಿ ಬಿ.ಎಸ್ಸಿ.-ಬಿ.ಇಡಿ. ಓದಿಸಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಕೇಳಿದವರು: ಸೇಡಂನ ಒಬ್ಬ ತಾಯಿ

ನನ್ನ ಮಗಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ವಿಜ್ಞಾನ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದಾಳೆ. ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸಬೇಕೆಂಬುದು ಅವಳ ಬಹಳ ದಿನದ ಆಸೆ. ಎನ್‌ಸಿಇಟಿ ಪ್ರವೇಶ ಪರೀಕ್ಷೆ ಬರೆದಿದ್ದು, ಹೊರರಾಜ್ಯದ ತಾಂತ್ರಿಕ ಸಂಸ್ಥೆಯೊಂದರಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ.-ಬಿ.ಇಡಿ. ಸೀಟು ಸಿಗುವ ಸಂಭವವಿದೆ. ಎಂಜಿನಿಯರಿಂಗೇ ಮುಖ್ಯವಾಗಿರುವ ಕಡೆ ಶಿಕ್ಷಕರ ತರಬೇತಿ ಮೂಲೆಗೆ ಬೀಳುವುದಿಲ್ಲವೇ? ಅಲ್ಲಿ ಕಲಿತದ್ದು ನಮ್ಮ ಭಾಗದ ಶಾಲೆಗಳಲ್ಲಿ ಕೆಲಸಕ್ಕೆ ಬರುತ್ತದೆಯೇ?

ಕಲಬುರಗಿ, ಬಿ.ಇಡಿ. ಕಾಲೇಜಿನ ನಿವೃತ್ತ ಉಪನ್ಯಾಸಕರು

ಅಮ್ಮಾ, ವಿಷಯಜ್ಞಾನ ಮತ್ತು ಬೋಧನೆ ಎರಡನ್ನೂ ಒಟ್ಟಿಗೆ ಕಲಿಸುವ ಪದ್ಧತಿ ನಮಗೆ ಹೊಸದಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಇಂಥ ನಾಲ್ಕು ವರ್ಷದ ಕೋರ್ಸು ಬಹಳ ಹಿಂದಿನಿಂದಲೇ ನಡೆದುಬಂದಿದೆ. ಈಗ ಐಟೆಪ್ ಎಂದು ಕರೆಯುವ ಸಂಯೋಜಿತ ಕಾರ್ಯಕ್ರಮದ ಅಡಿಯಲ್ಲಿ ಕಲ್ಲಿಕೋಟೆಯ ಎನ್‌ಐಟಿಯಂಥ ತಾಂತ್ರಿಕ ಸಂಸ್ಥೆಗಳೂ ಅದನ್ನು ಕೈಗೆತ್ತಿಕೊಂಡಿವೆ. ಹೊರದೇಶಗಳಲ್ಲಿಯೂ ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವು 2009ರಲ್ಲಿ ಶಿಕ್ಷಕರಿಗಾಗಿಯೇ ಪ್ರತ್ಯೇಕ ವಿಭಾಗ ತೆರೆಯಿತು.

ಮೂಲೆಗೆ ಬೀಳುವ ಭಯ ನಿಮಗಿರುವುದು ಸಹಜವೇ. ಆದರೆ ಅದನ್ನು ಸಂಸ್ಥೆಯ ಹೆಸರಿನಿಂದ ಅಳೆಯಲು ಬರುವುದಿಲ್ಲ; ಶಿಕ್ಷಣ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಜನರಿದ್ದಾರೆ, ಅವರಲ್ಲಿ ಪ್ರೌಢಶಾಲೆಯಲ್ಲಿ ಕೆಲಸ ಮಾಡಿ ಬಂದವರು ಯಾರಾದರೂ ಇದ್ದಾರೆಯೇ, ವಿದ್ಯಾರ್ಥಿಗಳು ಒಟ್ಟು ಎಷ್ಟು ವಾರ ಶಾಲೆಯಲ್ಲಿರುತ್ತಾರೆ ಎಂಬ ಮೂರು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಿ. ನಮ್ಮ ಎರಡು ವರ್ಷದ ಬಿ.ಇಡಿ.ಯಲ್ಲಿ ಮೊದಲ ವರ್ಷ 4, ಎರಡನೆಯ ವರ್ಷ 16, ಹೀಗೆ ಒಟ್ಟು 20 ವಾರಗಳ ಶಾಲಾನುಭವ ಇರಬೇಕೆಂದು ಶಿಕ್ಷಕರ ತರಬೇತಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಯ 2014ರ ನಿಯಮಾವಳಿ ಹೇಳುತ್ತದೆ. ಅದನ್ನು ಅಳತೆಗೋಲಾಗಿ ಇಟ್ಟುಕೊಂಡು ಹೋಲಿಸಿ ನೋಡಿ.

ಯಾದಗಿರಿ ಜಿಲ್ಲೆ, ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು

ಅಕ್ಕನವರೇ, ಬೋಧನಾಭ್ಯಾಸಕ್ಕೆ ಬಂದ ಅನೇಕರಿಗೆ ನಾನು ಮಾರ್ಗದರ್ಶಿ ಶಿಕ್ಷಕನಾಗಿದ್ದೇನೆ. ಅವರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಅನುಭವವನ್ನಷ್ಟೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅವಳ ವಿಷಯಜ್ಞಾನ ನನಗಿಂತ ಗಟ್ಟಿಯಾಗಿತ್ತು, ಇದನ್ನು ಸಂತೋಷದಿಂದಲೇ ಹೇಳುತ್ತೇನೆ. ನಮ್ಮ ಪ್ರಯೋಗಾಲಯದಲ್ಲಿ ಮುಳ್ಳು ಸಿಕ್ಕಿಕೊಂಡಿದ್ದ ಅಮ್ಮೀಟರನ್ನು ಬಿಚ್ಚಿ ಸರಿಪಡಿಸಿದಳು. ವಿದ್ಯುತ್ ಮಂಡಲದ ಫೆಟ್ ಸಿಮ್ಯುಲೇಶನ್ನನ್ನು, ಅಂದರೆ ಕಂಪ್ಯೂಟರ್ ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡುವ ಉಚಿತ ತಂತ್ರಾಂಶವನ್ನು, ಇಂಟರ್ನೆಟ್ ಇಲ್ಲದೆಯೂ ನಡೆಯುವಂತೆ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬಂದಿದ್ದಳು. ಆದರೆ ಮೊದಲ ವಾರದ ಒಂಬತ್ತನೆಯ ತರಗತಿಯ ‘ಚಲನೆ’ ಪಾಠದಲ್ಲಿಯೇ ಎಡವಿದಳು. ನಮ್ಮ ಪಠ್ಯಪುಸ್ತಕದಲ್ಲಿ ಸ್ಪೀಡ್ ಎಂದರೆ ಜವ, ವೆಲಾಸಿಟಿ ಎಂದರೆ ವೇಗ, ಆಕ್ಸಿಲರೇಶನ್ ಎಂದರೆ ವೇಗೋತ್ಕರ್ಷ. ಅವಳು ದಿನಬಳಕೆಯ ರೂಢಿಯಂತೆ ಬಸ್ಸಿನ ಸ್ಪೀಡಿಗೆ ವೇಗ ಎಂದು ಬರೆಸಿದಳು. ಮರುದಿನ ವೆಲಾಸಿಟಿ ಬಂದಾಗ ಅದಕ್ಕೂ ವೇಗ ಎನ್ನಬೇಕಾಯಿತು. ದಿಕ್ಕು ಇರುವುದಕ್ಕೂ ಇಲ್ಲದ್ದಕ್ಕೂ ಒಂದೇ ಪದವಾದ್ದರಿಂದ ಪಾಠದ ತಿರುಳೇ ಮಕ್ಕಳ ಕೈತಪ್ಪಿತು. ಅಂದು ಸಂಜೆ ಇಬ್ಬರೂ ಕುಳಿತು ಆ ಅಧ್ಯಾಯದ ಪಾರಿಭಾಷಿಕ ಪದಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಅಂದಿನಿಂದ ಅವಳು ಪಾಠ ಯೋಜನೆ ಬರೆಯುವ ಮೊದಲು ಆ ನೋಟ್‌ಬುಕ್ ತೆರೆಯುತ್ತಿದ್ದಳು.

ಎರಡನೆಯದು ಹತ್ತನೆಯ ತರಗತಿಯ ವಿದ್ಯುತ್ ಪಾಠ. ಟಾರ್ಚಿನ ಬಲ್ಬು ಮತ್ತು ಸೆಲ್ಲುಗಳಿಂದ ಸರಣಿ ಜೋಡಣೆ ಮಾಡಿ ತೋರಿಸಿದಳು. ಎರಡನೆಯ ಬಲ್ಬು ಸೇರಿಸಿದಾಗ ಎರಡೂ ಮಂದವಾದವು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, “ಟೀಚರ್, ನಮ್ಮ ಮನ್ಯಾಗ ಎರಡನೇ ಲೈಟ್ ಹಚ್ಚಿದ್ರ ಮೊದಲಿಂದು ಮಂದ ಆಗಲ್ಲಲ್ರೀ, ಇಲ್ಲಿ ಯಾಕ ಆಯ್ತು?” ಎಂದು ಕೇಳಿದ. ಅವಳು ತಕ್ಷಣ ಹಲಗೆಯ ಕಡೆ ತಿರುಗಿ ರೋಧಗಳ ಸೂತ್ರ ಬರೆಯತೊಡಗಿದಳು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಹುಡುಗ ಸುಮ್ಮನೆ ಕುಳಿತುಬಿಟ್ಟ. ತರಗತಿಯ ನಂತರ ನಾನು ಅವಳಿಗೆ ಒಂದೇ ಮಾತು ಹೇಳಿದೆ: ಮನೆಯಲ್ಲಿ ವೈರು ಹೇಗೆ ಹೋಗಿದೆ ಎಂದು ಆ ಹುಡುಗನಿಂದಲೇ ಬರೆಸು. ಮರುದಿನ ಹಾಗೆಯೇ ಮಾಡಿದಳು. ಅವನು ಎರಡು ತಂತಿ ಎಳೆದು ಅವುಗಳ ನಡುವೆ ಏಣಿಯ ಮೆಟ್ಟಿಲಿನಂತೆ ಬಲ್ಬುಗಳನ್ನು ಬರೆದ. ಸಮಾಂತರ ಜೋಡಣೆ ಎಂಬ ಹೆಸರು ಹೇಳುವ ಮುಂಚೆಯೇ ಅದು ಹಲಗೆಯ ಮೇಲೆ ಬಂದಿತ್ತು. ಆಮೇಲೆ ಸೂತ್ರ ಬರೆದಾಗ ಇಡೀ ತರಗತಿ ಅವಳೊಂದಿಗೆ ಹೆಜ್ಜೆ ಹಾಕಿತು.

ಪ್ರಯೋಗಾಲಯ, ಗಣಿತ, ಉಪಕರಣದ ಭಯವಿಲ್ಲದಿರುವುದು, ಇವು ತಾಂತ್ರಿಕ ಸಂಸ್ಥೆ ಕೊಡುವ ದೊಡ್ಡ ಆಸ್ತಿ. ನಮ್ಮ ಶಾಲೆಗಳಿಗೆ ಅದರ ಅಗತ್ಯ ಬಹಳವಿದೆ. ಆದರೆ ಮಗುವಿನ ಪ್ರಶ್ನೆಗೆ ಕಾಯುವುದು, ಅದರ ಮಾತಿನಿಂದಲೇ ಪಾಠ ಕಟ್ಟುವುದು ಶಾಲೆಯಲ್ಲಿ, ಇನ್ನೊಬ್ಬ ಶಿಕ್ಷಕರ ಕಣ್ಣೆದುರಿಗೆ ಮಾತ್ರ ಬರುವಂಥದ್ದು. ಬೇರೊಂದು ಸಂಸ್ಥೆಯಿಂದ ಬಂದ ತಂಡವು ವಾರಕ್ಕೊಮ್ಮೆ ಮುಖ ತೋರಿಸಿ, ಉಳಿದ ದಿನಗಳ ಪಾಠದ ದಾಖಲೆಗೆ ನನ್ನ ಸಹಿ ಕೇಳಿತ್ತು. ನಾನು ಸಹಿ ಮಾಡಲಿಲ್ಲ. ಆ ವಿದ್ಯಾರ್ಥಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಸಿಗಬೇಕಾಗಿದ್ದುದು ಸಿಗಲಿಲ್ಲವೆಂಬ ನೋವು ಮಾತ್ರ ಇದೆ.

ಬೀದರ್ ಜಿಲ್ಲೆ, ತಾಂತ್ರಿಕ ಸಂಸ್ಥೆಯೊಂದರಲ್ಲಿ ಮೂರನೆಯ ವರ್ಷದ ಬಿ.ಎಸ್ಸಿ.-ಬಿ.ಇಡಿ. ವಿದ್ಯಾರ್ಥಿ

ಸರ್ ಹೇಳಿದ್ದು ಅಕ್ಷರಶಃ ನಿಜ. ಮೊದಲ ಸೆಮಿಸ್ಟರಿನಲ್ಲಿ ಕಲನಶಾಸ್ತ್ರ ಮತ್ತು ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಅರಗಿಸಿಕೊಳ್ಳುವುದೇ ನನಗೆ ಕಷ್ಟವಾಗಿತ್ತು. ಸುತ್ತಲಿನವರೆಲ್ಲ ಬಿ.ಟೆಕ್. ಓದುವವರಾದ್ದರಿಂದ, ಹಾಸ್ಟೆಲ್ಲಿನಲ್ಲಿ ಪ್ಲೇಸ್‌ಮೆಂಟಿನ ಮಾತು ಬಂದಾಗಲೆಲ್ಲ ನಾನು ತಪ್ಪು ದಾರಿ ಹಿಡಿದೆನೇ ಎಂಬ ಅಳುಕು ಕಾಡುತ್ತಿತ್ತು. ಎರಡನೆಯ ವರ್ಷ ಹತ್ತಿರದ ಶಾಲೆಯೊಂದಕ್ಕೆ ವೀಕ್ಷಣೆಗೆ ಹೋಗತೊಡಗಿದ ಮೇಲೆ ಅದು ಹೋಯಿತು. ಆದರೆ ಆ ಶಾಲೆಯ ಮಕ್ಕಳು ಮಾತನಾಡುವುದು ಬೇರೆ ಭಾಷೆ. ಅಕ್ಕನ ಮಗಳಿಗೆ ಈ ತೊಡಕು ಖಂಡಿತ ಎದುರಾಗುತ್ತದೆ. ದೀರ್ಘ ಇಂಟರ್ನ್‌ಶಿಪ್ಪನ್ನು ತವರು ಜಿಲ್ಲೆಯ ಶಾಲೆಯಲ್ಲಿ ಮಾಡಲು ಅವಕಾಶವಿದೆಯೇ ಎಂದು ಸೇರುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಕಲಬುರಗಿಯ ಉಪನ್ಯಾಸಕರು, ಮತ್ತೊಮ್ಮೆ

ಒಂದು ಮಾತು ಬಿಟ್ಟುಹೋಗಿತ್ತು. ರಾಜ್ಯದ ಪ್ರೌಢಶಾಲಾ ಶಿಕ್ಷಕರ ನೇಮಕಾತಿಯಲ್ಲಿ ಪದವಿಯ ಐಚ್ಛಿಕ ವಿಷಯಗಳನ್ನು ನೋಡುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಅಂಕಪಟ್ಟಿಯಲ್ಲಿ ಬರುತ್ತವೆಯೇ ಎಂಬುದನ್ನು ಇತ್ತೀಚಿನ ನೇಮಕಾತಿ ಅಧಿಸೂಚನೆಯೊಂದಿಗೆ ತಾಳೆ ನೋಡಿ. ಕೋರ್ಸಿಗೆ ಎನ್‌ಸಿಟಿಇ ಮಾನ್ಯತೆ ಇರುವುದನ್ನೂ ಖಚಿತಪಡಿಸಿಕೊಳ್ಳಿ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ನೇಮಕಾತಿಯಲ್ಲಿ ಮೀಸಲಾತಿ ಕೊಡುವ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಮಾಡಿಸಿಟ್ಟರೆ ಮುಂದೆ ಓಡಾಟ ತಪ್ಪುತ್ತದೆ.

ಸೇಡಂನ ತಾಯಿ

ಎಲ್ಲರಿಗೂ ಶರಣು. ಇಂಟರ್ನ್‌ಶಿಪ್ ಕುರಿತು ಸಂಸ್ಥೆಗೆ ಇಂದೇ ಇ-ಮೇಲ್ ಬರೆಸಿದ್ದೇನೆ. ಯಾದಗಿರಿಯ ಸರ್, ಪ್ರವೇಶಕ್ಕೆ ಇನ್ನೂ ಕೆಲವು ವಾರಗಳಿವೆ. ಅಷ್ಟರೊಳಗೆ ಅವಳು ನಿಮ್ಮ ತರಗತಿಯಲ್ಲಿ ಹಿಂದೆ ಕುಳಿತು ನೋಡಬಹುದೇ?

ಯಾದಗಿರಿಯ ಶಿಕ್ಷಕರು

ಅಗತ್ಯವಾಗಿ ಕಳುಹಿಸಿ ಅಕ್ಕನವರೇ. ಮುಖ್ಯೋಪಾಧ್ಯಾಯರ ಅನುಮತಿ ನಾನು ಪಡೆದಿರುತ್ತೇನೆ. ಬರುವಾಗ ತನ್ನ ಹಳೆಯ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಇದ್ದರೆ ತರಲಿ.