ಸಹಾಯ ಬೇಕು: ಮಳೆಯಲ್ಲಿ ಬ್ರಷ್ ಕಟರ್ ಹೊಡೆಯುವಾಗ ಕಣ್ಣಿಗೆ ಏನು ಹಾಕಿಸುತ್ತೀರಿ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಬ್ರಷ್ ಕಟರ್ ಮಷಿನ್ ಹಿಡಿದು ಕಳೆ ಹೊಡೆಯಲು ಊರಿನ ಹುಡುಗನೊಬ್ಬ ಬರುತ್ತಾನೆ. ಕೆಲಸದಲ್ಲಿ ಚುರುಕು. ಆದರೆ ಕನ್ನಡಕ ಕೊಟ್ಟರೆ ಮಂಜು ಕಟ್ಟಿ ಏನೂ ಕಾಣಲ್ಲ ಅಂತ ತೆಗೆದಿಡುತ್ತಾನೆ. ಅವನು ಹೇಳುವುದೂ ನಿಜವೇ. ಮೊನ್ನೆ ಬ್ಲೇಡಿಗೆ ಸಿಕ್ಕ ಕಲ್ಲಿನ ಚೂರು ಹಾರಿ ಹುಬ್ಬಿಗೆ ಬಡಿಯಿತು. ಸ್ವಲ್ಪ ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಅವತ್ತಿನಿಂದ ನನಗೆ ಸಮಾಧಾನವಿಲ್ಲ.

ಜಾಲರಿಯ ಫೇಸ್ ಶೀಲ್ಡ್ ಬಳಸಿದವರು ಇದ್ದೀರಾ? ಮಂಜು ಕಟ್ಟಲ್ಲ ಸರಿ, ಸಣ್ಣ ಚೂರು ಒಳಗೆ ನುಗ್ಗಲ್ವಾ? ಒಳಗೆ ಕನ್ನಡಕವೂ ಬೇಕಾ? ಕಲ್ಲು ಜಾಸ್ತಿ ಇರುವ ಕಡೆ ಬ್ಲೇಡ್ ತೆಗೆದು ನೈಲಾನ್ ದಾರ ಹಾಕಿದರೆ ಹೇಗೆ? ದಾರವೂ ಕಲ್ಲು ಹಾರಿಸುತ್ತದೆ. ಆದರೆ ಮರದ ಬುಡಕ್ಕೆ ತಾಗಿದಾಗ ಬ್ಲೇಡಿನ ಹಾಗೆ ಮಷಿನ್ ಒದೆಯುವುದಿಲ್ಲ.

ಇನ್ನೊಂದು ವಿಷಯ. ಸಂಜೆ ಹೊತ್ತಿಗೆ ಬೆರಳು ಜೋಮು ಹಿಡಿಯುತ್ತದಂತೆ. ಮಷಿನ್ ನಡುಕ ದಿನಾ ತಾಗುತ್ತಿದ್ದರೆ ಬೆರಳಿನ ನರಕ್ಕೇ ಪೆಟ್ಟಾಗುತ್ತದೆ. ನೀವು ಎಷ್ಟು ಹೊತ್ತಿಗೊಮ್ಮೆ ಬಿಡುವು ಕೊಡುತ್ತೀರಿ? ಕೈಗವಸು ಹಾಕಿದರೆ ಕಡಿಮೆಯಾಗುತ್ತದಾ?

15 ಮೀಟರ್ ಒಳಗೆ ಯಾರನ್ನೂ ಬಿಡುತ್ತಿಲ್ಲ. ಹುಲ್ಲು ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡಿಯೇ ಬಿಡಿಸುತ್ತಾನೆ. ಗಂಬೂಟು ಕೊಡಿಸಿದ್ದೇನೆ. ಶಿವಮೊಗ್ಗದಲ್ಲಿ ಒಳ್ಳೆ ಶೀಲ್ಡ್ ಎಲ್ಲಿ ಸಿಗುತ್ತದೆ, ದಯವಿಟ್ಟು ತಿಳಿಸಿ.